ಮೆಟ್ರೋಗೂ ವಿಮಾನಕ್ಕೂ ಆಗುವ ಹೆಡ್‌ಫೋನ್: ಕ್ಲೋಸ್ಡ್ ಬ್ಯಾಕ್ ಆರಿಸುವವರಿಗೆ ಸಮಗ್ರ ಮಾರ್ಗದರ್ಶಿ

ಮಾಗಡಿ ರೋಡ್ ಸ್ಟೇಷನ್ ದಾಟಿದ ಮೇಲೆ ನೇರಳೆ ಮಾರ್ಗದ ಮೆಟ್ರೋ ನೆಲದೊಳಗೆ ಇಳಿಯುತ್ತದೆ. ಅಲ್ಲಿಂದ ಕಬ್ಬನ್ ಪಾರ್ಕ್‌ವರೆಗೂ ಸುರಂಗ. ಗಾಲಿಯ ಸದ್ದು, ಗಾಳಿಯ ಸದ್ದು ಎಲ್ಲ ಗೋಡೆಗೆ ಬಡಿದು ಬೋಗಿಯೊಳಗೇ ತುಂಬಿಕೊಳ್ಳುತ್ತದೆ. ನಾನು ಮೊದಲು ಬಳಸುತ್ತಿದ್ದ ಹೆಡ್‌ಫೋನಿನಲ್ಲಿ ಅಲ್ಲಿಗೆ ಬಂದಾಗ ಹಾಡು ಮುಳುಗಿ ಹೋಗುತ್ತಿತ್ತು. ಹೆಬ್ಬೆರಳು ತಾನಾಗಿಯೇ ವಾಲ್ಯೂಮ್ ಬಟನ್‌ಗೆ ಹೋಗುತ್ತಿತ್ತು. ಒಂದು, ಎರಡು, ಮೂರು ಸಲ ಒತ್ತುತ್ತಿದ್ದೆ. ಎಂ.ಜಿ. ರೋಡ್‌ನಲ್ಲಿ ರೈಲು ಮತ್ತೆ ಬೆಳಕಿಗೆ ಬಂದಾಗ ಅದೇ ಹಾಡು ಕಿವಿಯೊಳಗೆ ಕಿರುಚುತ್ತಿತ್ತು.

ದಿನಕ್ಕೆ ಎರಡು ಸಲ, ವಾರಕ್ಕೆ ಐದು ದಿನ, ಸುಮಾರು ಎರಡು ವರ್ಷ ಹೀಗೇ ನಡೆಯಿತು. ಒಂದು ರಾತ್ರಿ ಮಲಗಿದಾಗ ಎಡಗಿವಿಯಲ್ಲಿ ಸಣ್ಣಗೆ ‘ಗುಂಯ್’ ಅನ್ನುವ ಸದ್ದು ಶುರುವಾಯಿತು. ಎರಡು ದಿನಕ್ಕೆ ಹೋಯಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಅವತ್ತಿನಿಂದ ಹೆಡ್‌ಫೋನ್ ಬಗ್ಗೆ ನಾನು ಯೋಚಿಸುವ ರೀತಿಯೇ ಬದಲಾಯಿತು. ಪ್ರಯಾಣದ ಹೆಡ್‌ಫೋನಿಗೆ ನಾನು ಕೇಳುವ ಮೊದಲ ಪ್ರಶ್ನೆ ಈಗ ಒಂದೇ: ಗದ್ದಲದ ಜಾಗದಲ್ಲಿ ಇದನ್ನು ಎಷ್ಟು ಕಡಿಮೆ ವಾಲ್ಯೂಮ್‌ನಲ್ಲಿ ಕೇಳಬಹುದು? ಸೌಂಡ್ ಕ್ವಾಲಿಟಿ, ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ.

ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕೋಣ. ಹಾರುತ್ತಿರುವ ವಿಮಾನದ ಒಳಗೆ ಸುಮಾರು 80ರಿಂದ 85 ಡೆಸಿಬೆಲ್ ಸದ್ದು ಇರುತ್ತದೆ. ಹಾಡು ಕೇಳಿಸಬೇಕಾದರೆ ಅದಕ್ಕಿಂತ ಜೋರಾಗಿ ಇಡಬೇಕು, ಅಲ್ವಾ? ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಮೀರದಂತೆ ಕೇಳಿದರೆ ತೊಂದರೆಯಿಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಹೆಚ್ಚಾದಾಗಲೂ ಸಮಯ ಅರ್ಧವಾಗುತ್ತದೆ. 83ಕ್ಕೆ ವಾರಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ ಬರೀ 5 ಗಂಟೆ. ದಿನಾ ಎರಡು ಗಂಟೆ ಬಸ್ಸು–ಮೆಟ್ರೋದಲ್ಲಿ ಕಳೆಯುವವರು ವಾಲ್ಯೂಮ್ ಏರಿಸಿದರೆ ಈ ಮಿತಿ ಬುಧವಾರದೊಳಗೇ ಮುಗಿದು ಹೋಗುತ್ತದೆ. ಹೊರಗಿನ ಸದ್ದು ತಡೆಯುವ ಹೆಡ್‌ಫೋನ್ ಇದ್ದರೆ ಏರಿಸುವ ಅಗತ್ಯವೇ ಬರುವುದಿಲ್ಲ.

ಹಂತ 1: ನಿಮ್ಮ ಪ್ರಯಾಣವನ್ನು ಒಂದು ಚೀಟಿಯಲ್ಲಿ ಬರೆಯಿರಿ

ಅಂಗಡಿಗೆ ಹೋಗುವ ಮೊದಲು ಇದನ್ನು ಮಾಡಿ. ದಿನಾ ಎಷ್ಟು ಹೊತ್ತು ಹಾಕಿಕೊಳ್ಳುತ್ತೀರಿ? ಕೂತೋ, ನಿಂತೋ? ಎಸಿ ಇರುವ ಬಸ್ಸೋ, ಕಿಟಕಿ ತೆರೆದ ಕೆಂಪು ಬಸ್ಸೋ? ವರ್ಷಕ್ಕೆ ಎಷ್ಟು ಸಲ ವಿಮಾನ ಹತ್ತುತ್ತೀರಿ, ಎಷ್ಟು ಗಂಟೆಯ ಹಾರಾಟ? ಫೋನಿನಲ್ಲಿ ಮಾತಾಡುವುದು ಜಾಸ್ತಿಯೋ, ಹಾಡು ಕೇಳುವುದು ಜಾಸ್ತಿಯೋ? ಕನ್ನಡಕ ಇದೆಯಾ? ಬ್ಯಾಗ್ ಎಷ್ಟು ದೊಡ್ಡದು?

ಸುಮ್ನೆ ಕೇಳುತ್ತಿಲ್ಲ. ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಒಂದು ಗಂಟೆ ಹಾರುವವರಿಗೆ ಬೇಕಾದದ್ದೇ ಬೇರೆ, ಮೂರು ತಿಂಗಳಿಗೊಮ್ಮೆ ಯುರೋಪಿಗೆ ಹೋಗುವವರಿಗೆ ಬೇಕಾದದ್ದೇ ಬೇರೆ. ಕಿಟಕಿ ತೆರೆದ ಬಸ್ಸಿನಲ್ಲಿ ಓಡಾಡುವವರು ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು ಅಡಗಿಸುವ ದುಬಾರಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತಗೊಂಡರೆ ಆ ಮೈಕಿನೊಳಗೆ ಗಾಳಿ ಬಡಿದು ‘ಬರ್ ಬರ್’ ಅನ್ನುವ ಹೊಸ ಸದ್ದು ಸೇರಿಕೊಳ್ಳಬಹುದು.

ಹಂತ 2: ಕಪ್ ಮುಚ್ಚಿದೆಯೋ ಇಲ್ಲವೋ ನೋಡಿ

ಹೆಡ್‌ಫೋನಿನ ಕಪ್ ಹಿಂಬದಿ ಪೂರ್ತಿ ಮುಚ್ಚಿದ್ದರೆ ಅದು ಕ್ಲೋಸ್ಡ್ ಬ್ಯಾಕ್. ಜಾಲರಿ ಇದ್ದು ಒಳಗಿನ ಸದ್ದು ಹೊರಗೆ, ಹೊರಗಿನದು ಒಳಗೆ ಓಡಾಡುವಂತಿದ್ದರೆ ಓಪನ್ ಬ್ಯಾಕ್. ಓಪನ್ ಬ್ಯಾಕ್‌ನಲ್ಲಿ ಸಂಗೀತ ಎದುರಿಗೆ ಕೂತು ಹಾಡಿದ ಹಾಗೆ ತೆರೆದುಕೊಳ್ಳುತ್ತದೆ. ಅದು ನನಗೂ ಇಷ್ಟ. ಆದರೆ ಅದರ ಜಾಗ ಮನೆ. ಬಸ್ಸಿನಲ್ಲಿ ಹಾಕಿಕೊಂಡರೆ ಇಂಜಿನ್ ಸದ್ದೂ ನಿಮಗೆ ಪೂರ್ತಿ ಕೇಳುತ್ತದೆ, ನಿಮ್ಮ ಹಾಡೂ ಪಕ್ಕದವರಿಗೆ ಪೂರ್ತಿ ಕೇಳುತ್ತದೆ. ರಾತ್ರಿ ಬಸ್ಸಿನಲ್ಲಿ ಪಕ್ಕದ ಸೀಟಿನವರ ನಿದ್ದೆ ಕೆಡಿಸದೆ ಕೇಳುವುದೂ ಮುಖ್ಯ ಅಂತ ನಾನು ನಂಬುತ್ತೇನೆ.

ಹಂತ 3: ಕಿವಿಯ ಸುತ್ತ ಕೂರುವುದನ್ನೇ ತಗೊಳ್ಳಿ

ಕ್ಲೋಸ್ಡ್ ಬ್ಯಾಕ್‌ನಲ್ಲಿ ಎರಡು ಬಗೆ. ಓವರ್ ಇಯರ್ ಅಂದರೆ ಕಿವಿಯನ್ನು ಪೂರ್ತಿ ಒಳಗೆ ಹಾಕಿಕೊಂಡು ಅದರ ಸುತ್ತ ತಲೆಯ ಮೇಲೆ ಕೂರುವುದು. ಆನ್ ಇಯರ್ ಅಂದರೆ ಕಿವಿಯ ಮೇಲೇ ಒತ್ತಿ ಕೂರುವುದು. ಆನ್ ಇಯರ್ ಸಣ್ಣದು, ಹಗುರ, ಬ್ಯಾಗಿಗೆ ಸುಲಭ. ನಾನು ಮೊದಲು ತಗೊಂಡದ್ದೂ ಅದನ್ನೇ. ಅರ್ಧ ಗಂಟೆ ಏನೂ ಅನ್ನಿಸುವುದಿಲ್ಲ. ಒಂದು ಗಂಟೆಗೆ ಕಿವಿ ನೋಯುತ್ತದೆ. ಕಿವಿಯ ಮಡಿಕೆಗಳ ಸಂದಿನಲ್ಲಿ ಹೊರಗಿನ ಸದ್ದು ನುಗ್ಗುತ್ತದೆ.

ಒಂದು ಅಪವಾದ ಹೇಳಲೇಬೇಕು. ಸೆನ್‌ಹೈಸರ್ ಎಚ್‌ಡಿ 25 ಅನ್ನುವ ಆನ್ ಇಯರ್ ಹೆಡ್‌ಫೋನ್ 1988ರಿಂದಲೂ ಮಾರಾಟದಲ್ಲಿದೆ. ಡಿಜೆಗಳು, ಶೂಟಿಂಗ್‌ನಲ್ಲಿ ಸೌಂಡ್ ರೆಕಾರ್ಡ್ ಮಾಡುವವರು ಇದನ್ನು ಇವತ್ತಿಗೂ ಬಳಸುತ್ತಾರೆ. ಗಟ್ಟಿಯಾಗಿ ಹಿಡಿಯುವುದರಿಂದ ಸದ್ದು ಚೆನ್ನಾಗಿ ತಡೆಯುತ್ತದೆ. ಹಾಳಾದ ಬಿಡಿಭಾಗವನ್ನು ಬಿಚ್ಚಿ ಬದಲಾಯಿಸಬಹುದು. ಆದರೆ ಅದೇ ಹಿಡಿತ ಹತ್ತು ಗಂಟೆಯ ವಿಮಾನದಲ್ಲಿ ಹಿಂಸೆ. ಹೆಚ್ಚಿನವರಿಗೆ ಓವರ್ ಇಯರ್ ಸರಿ.

ಓವರ್ ಇಯರ್ ಅಂತ ಡಬ್ಬಿಯ ಮೇಲೆ ಬರೆದಿದ್ದರೂ ಒಳಗಿನ ರಂಧ್ರ ಚಿಕ್ಕದಿರಬಹುದು. ಕಿವಿಯ ತುದಿ ಪ್ಯಾಡಿಗೆ ತಾಗಬಾರದು. ಪ್ಯಾಡಿನ ಆಳವೂ ಸಾಕಷ್ಟಿರಬೇಕು. ಇಲ್ಲದಿದ್ದರೆ ಕಿವಿ ಒಳಗಿನ ಬಟ್ಟೆಗೆ ಉಜ್ಜಿ ಉಜ್ಜಿ ಕೆಂಪಾಗುತ್ತದೆ.

ಹಂತ 4: ನಾಯ್ಸ್ ಕ್ಯಾನ್ಸಲಿಂಗ್ ಬೇಕಾ, ಬೇಡ್ವಾ?

ಎಲ್ಲರೂ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ಗಣೇಶನ ಹಬ್ಬದಲ್ಲಿ ಪಕ್ಕದ ಬೀದಿಯ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನಡೆಯುತ್ತಿದೆ ಅಂದುಕೊಳ್ಳಿ. ಮನೆಯ ಕಿಟಕಿ ಮುಚ್ಚುತ್ತೀರಿ. ಹಾಡಿನ ಮಾತು ಕೇಳಿಸುವುದು ನಿಂತು ಹೋಗುತ್ತದೆ. ‘ಧಮ್ ಧಮ್’ ಮಾತ್ರ ಬರುತ್ತಲೇ ಇರುತ್ತದೆ. ಹೆಡ್‌ಫೋನಿನ ಮುಚ್ಚಿದ ಕಪ್, ದಪ್ಪ ಪ್ಯಾಡ್ ಮಾಡುವ ಕೆಲಸವೂ ಇದೇ. ಮಾತು, ಸೀಟಿ, ತಟ್ಟೆ ಲೋಟದ ಸದ್ದಿನಂಥ ತೆಳುವಾದ ಸದ್ದುಗಳನ್ನು ಚೆನ್ನಾಗಿ ತಡೆಯುತ್ತವೆ. ಇಂಜಿನ್ನಿನ ಗುರುಗುಡುವ ದಪ್ಪ ಸದ್ದಿನ ಮುಂದೆ ಸೋಲುತ್ತವೆ.

ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್, ಅಂದರೆ ಎಎನ್‌ಸಿ, ಗೆಲ್ಲುವುದು ಆ ದಪ್ಪ ಸದ್ದಿನ ಮೇಲೆ. ಕಪ್ಪಿನಲ್ಲಿರುವ ಸಣ್ಣ ಮೈಕುಗಳು ಹೊರಗಿನ ಸದ್ದನ್ನು ಹಿಡಿಯುತ್ತವೆ. ಒಳಗಿನ ಚಿಪ್ ಅದಕ್ಕೆ ತದ್ವಿರುದ್ಧವಾದ ಅಲೆ ಹುಟ್ಟಿಸುತ್ತದೆ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಎರಡೂ ಸೇರಿ ಅಡಗುತ್ತವೆ. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 100 ಸಲ ಕಂಪಿಸುವ, ದಪ್ಪ ಸದ್ದಿನ ಒಂದು ಅಲೆ ಸುಮಾರು 3.4 ಮೀಟರ್ ಉದ್ದ. ಅದನ್ನು ಹಿಡಿದು ಸರಿದೂಗಿಸುವುದು ಸುಲಭ. 2000 ಹರ್ಟ್ಸ್‌ನ ಸದ್ದಿನ ಅಲೆ ಬರೀ 17 ಸೆಂಟಿಮೀಟರ್. ಚೂರು ಹೆಚ್ಚು ಕಡಿಮೆಯಾದರೂ ಎರಡು ಅಲೆ ಹೊಂದುವುದಿಲ್ಲ. ಹಾಗಾಗಿ ಎಎನ್‌ಸಿ ಹಾಕಿದರೂ ವಿಮಾನದಲ್ಲಿ ಮಗು ಅಳುವುದು ಕೇಳಿಸುತ್ತದೆ. ಕಂಡಕ್ಟರ್ ಸೀಟಿ ಕೇಳಿಸುತ್ತದೆ. ‘ದುಡ್ಡು ಕೊಟ್ಟರೂ ಸದ್ದು ಬರ್ತಿದೆಯಲ್ಲ’ ಅಂತ ಬೇಜಾರಾಗುವವರು ಇದನ್ನು ಮೊದಲೇ ತಿಳಿದಿರಬೇಕು. ಆ ಸದ್ದುಗಳನ್ನು ತಡೆಯುವುದು ಪ್ಯಾಡಿನ ಕೆಲಸ. ಎರಡೂ ಚೆನ್ನಾಗಿರಬೇಕು.

ಇದರ ಹಿಂದೆ ನನಗೆ ಬಹಳ ಇಷ್ಟವಾದ ಒಂದು ಕಥೆಯಿದೆ. 1978ರಲ್ಲಿ ಬೋಸ್ ಆಡಿಯೋ ಕಂಪನಿ ಕಟ್ಟಿದ ಅಮರ್ ಬೋಸ್ ಜ್ಯೂರಿಕ್‌ನಿಂದ ಅಮೆರಿಕಕ್ಕೆ ವಿಮಾನದಲ್ಲಿ ಹೋಗುತ್ತಿದ್ದರು. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರ ಮಗ ಅವರು. ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್ ಹಾಕಿಕೊಂಡರೆ ಇಂಜಿನ್ ಸದ್ದೇ ಜಾಸ್ತಿ. ಇಳಿಯುವುದರೊಳಗೆ ಸದ್ದನ್ನು ಸದ್ದಿನಿಂದಲೇ ಅಡಗಿಸುವ ಲೆಕ್ಕ ಬರೆಯಲು ಶುರು ಮಾಡಿದ್ದರು. ಅವರ ಕಂಪನಿಯಿಂದ ಪೈಲಟ್‌ಗಳ ಹೆಡ್‌ಸೆಟ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಪ್ರಯಾಣಿಕರಿಗೆ ಕ್ವಯಟ್‌ಕಂಫರ್ಟ್ ಅನ್ನುವ ಹೆಡ್‌ಫೋನ್ ಸಿಕ್ಕಿದ್ದು 2000ದಲ್ಲಿ. ಅಂದರೆ ಈ ತಂತ್ರ ನಮ್ಮ ಕೈಗೆ ಬಂದದ್ದೇ ವಿಮಾನದ ಸದ್ದಿನಿಂದ.

ಹಾಗಾದರೆ ನನ್ನ ಸಲಹೆ ಏನು? ಎರಡು ಗಂಟೆಗಿಂತ ಉದ್ದದ ವಿಮಾನ ಪ್ರಯಾಣ ಆಗಾಗ ಇದ್ದರೆ ಎಎನ್‌ಸಿ ತಗೊಳ್ಳಿ. ದಿನಾ ಎಸಿ ಬಸ್ಸು, ಮೆಟ್ರೋ ಇದ್ದರೂ ತಗೊಳ್ಳಿ. ಓಡಾಟ ಕಡಿಮೆ, ಸಂಗೀತ ಮುಖ್ಯ, ಬಜೆಟ್ ಸಣ್ಣದು ಅಂದರೆ ಅದೇ ದುಡ್ಡಿಗೆ ಎಎನ್‌ಸಿ ಇಲ್ಲದ ಒಳ್ಳೆಯ ವೈರ್ಡ್ ಹೆಡ್‌ಫೋನ್ ಬರುತ್ತದೆ. ಎಎನ್‌ಸಿ ಹಾಕಿದಾಗ ಕೆಲವರಿಗೆ ಕಿವಿ ಕಟ್ಟಿಕೊಂಡ ಹಾಗೆ, ಘಾಟ್ ಹತ್ತುವಾಗ ಆಗುವಂತೆ ಅನ್ನಿಸುತ್ತದೆ. ನೀವು ಆ ಪೈಕಿಯೋ ಅಲ್ಲವೋ ಅಂತ ಹಾಕಿ ನೋಡಿಯೇ ತಿಳಿಯಬೇಕು.

ಡಬ್ಬಿಯ ಮೇಲಿನ ಒಂದು ಅಕ್ಷರದ ಬಗ್ಗೆ ಎಚ್ಚರ. ಎಎನ್‌ಸಿ ಬೇರೆ, ಇಎನ್‌ಸಿ ಬೇರೆ. ಇಎನ್‌ಸಿ ಅನ್ನುವುದು ಫೋನಿನಲ್ಲಿ ನಿಮ್ಮ ಮಾತು ಆಚೆಯವರಿಗೆ ಸ್ಪಷ್ಟವಾಗಿ ಕೇಳಲಿ ಅಂತ ಮೈಕಿಗೆ ಕೊಟ್ಟ ಸೌಲಭ್ಯ. ನಿಮ್ಮ ಕಿವಿಗೆ ಬರುವ ಸದ್ದನ್ನು ಅದು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಕಡಿಮೆ ಬೆಲೆಯ ಹೆಡ್‌ಫೋನ್ ಡಬ್ಬಿಗಳಲ್ಲಿ ಇದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ‘ಪ್ಯಾಸಿವ್ ನಾಯ್ಸ್ ಕ್ಯಾನ್ಸಲೇಷನ್’ ಅಂತಿದ್ದರೂ ಅಷ್ಟೇ. ಪ್ಯಾಡ್ ಇದೆ ಅಂತ ಅರ್ಥ, ಬೇರೇನೂ ಇಲ್ಲ.

ಹಂತ 5: ಅಂಗಡಿಯಲ್ಲಿ ಹಾಕಿ ನೋಡಿ, ಆತುರ ಬೇಡ

ಅಕ್ಕನ ಬಾಣಂತನಕ್ಕೆ ಅಮ್ಮ ಫ್ರಾಂಕ್‌ಫರ್ಟ್‌ಗೆ ಹೊರಟಾಗ ಅವರಿಗೊಂದು ಹೆಡ್‌ಫೋನ್ ಕೊಡಿಸಲು ಕರೆದುಕೊಂಡು ಹೋಗಿದ್ದೆ. ಬೆಂಗಳೂರಿನಿಂದ ಸುಮಾರು ಹತ್ತು ಗಂಟೆಯ ಹಾರಾಟ. ಅಮ್ಮನಿಗೆ ಇಂಜಿನ್ ಸದ್ದಿಗೆ ತಲೆನೋವು ಬರುತ್ತದೆ. ಅಂಗಡಿಯ ಹುಡುಗ ಎಲ್ಲಕ್ಕಿಂತ ದುಬಾರಿಯದನ್ನು ತಂದ.

“ಇದು ಟಾಪ್ ಮಾಡೆಲ್ ಅಮ್ಮಾ, ಹಾಕ್ಕೊಂಡ್ ನೋಡಿ.”

ಅಮ್ಮ ಹಾಕಿಕೊಂಡರು. ಹಾಡು ಶುರುವಾಯಿತು. ಅವರ ಮುಖ ಅರಳಲಿಲ್ಲ.

“ಓಲೆ ಒತ್ತುತ್ತೆ ಕಣೋ. ಹಿಂದೆ ತುರುಬಿಗೂ ತಾಗುತ್ತೆ.”

ನಾನು ಎರಡೂ ಕಪ್ಪುಗಳನ್ನು ಅಂಗೈಯಿಂದ ಮೆಲ್ಲಗೆ ತಲೆಗೆ ಒತ್ತಿದೆ. “ಈಗ ಹೇಗಿದೆ?” ಅಂತ ಕೇಳಿದೆ. “ಅಯ್ಯೋ, ಈಗ ತಬಲ ಕೇಳಿಸ್ತು ನೋಡು!” ಅಂದರು. ಕೈ ಬಿಟ್ಟೆ. ತಬಲ ಮತ್ತೆ ಹೋಯಿತು. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದಿತ್ತು. ಅಷ್ಟು ಸಣ್ಣ ಸಂದು ಸಾಕು, ದಪ್ಪ ಸ್ವರವೆಲ್ಲ ಸೋರಿ ಹೋಗುತ್ತದೆ. ಅಲ್ಲಿಂದಲೇ ಇಂಜಿನ್ ಸದ್ದು ಒಳಗೆ ಬರುತ್ತದೆ. ಆ ಹೆಡ್‌ಫೋನ್ ಎಷ್ಟೇ ಒಳ್ಳೆಯದಿರಲಿ, ಅಮ್ಮನ ತಲೆಗೆ ಅದು ಒಳ್ಳೆಯದಲ್ಲ.

ನೀವೂ ಇದೇ ಪರೀಕ್ಷೆ ಮಾಡಿ. ತಬಲ, ಮೃದಂಗ ಅಥವಾ ಬೇಸ್ ಗಿಟಾರ್ ಚೆನ್ನಾಗಿರುವ, ನಿಮಗೆ ಚೆನ್ನಾಗಿ ಗೊತ್ತಿರುವ ಹಾಡು ಹಾಕಿ. ಕಪ್ಪನ್ನು ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ದಪ್ಪ ಸ್ವರ ತುಂಬಾ ಜಾಸ್ತಿಯಾದರೆ ಪ್ಯಾಡ್ ನಿಮ್ಮ ತಲೆಗೆ ಸರಿಯಾಗಿ ಕೂತಿಲ್ಲ. ಮೆತ್ತನೆಯ, ದಪ್ಪನೆಯ ಪ್ಯಾಡುಗಳು ಕನ್ನಡಕದ ಕಡ್ಡಿಯ ಸುತ್ತ ಒಳ್ಳೆಯ ರೀತಿಯಲ್ಲಿ ಮುಚ್ಚಿಕೊಳ್ಳುತ್ತವೆ. ಕನ್ನಡಕದ ಕಡ್ಡಿ ತೆಳ್ಳಗಿದ್ದರೆ ಇನ್ನೂ ಒಳ್ಳೆಯದು. ದಿನಾ ಹಾಕುವ ಓಲೆ, ಜುಮುಕಿ, ಕ್ಲಿಪ್ಪು ಎಲ್ಲ ಹಾಕಿಕೊಂಡೇ ಅಂಗಡಿಗೆ ಹೋಗಿ.

ಎರಡನೆಯದು ಸಮಯ. ಎರಡು ನಿಮಿಷ ಹಾಕಿ ತೆಗೆದರೆ ಏನೂ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷ ತಲೆಯ ಮೇಲಿರಲಿ. ಅಂಗಡಿಯವರು ಬೇಜಾರು ಮಾಡಿಕೊಳ್ಳಬಹುದು, ನೀವು ಮಾಡಿಕೊಳ್ಳಬೇಡಿ. ನೆತ್ತಿಯ ಮೇಲೆ ಒಂದೇ ಜಾಗದಲ್ಲಿ ಒತ್ತುತ್ತಿದೆಯಾ? ದವಡೆಯ ಕೀಲಿನ ಹತ್ತಿರ ನೋಯುತ್ತಿದೆಯಾ? ಕಿವಿ ಬೆವರುತ್ತಿದೆಯಾ? ಎಸಿ ಅಂಗಡಿಯಲ್ಲೇ ಬೆವರಿದರೆ ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ.

ಎಎನ್‌ಸಿ ಪರೀಕ್ಷೆಗೆ ಹಾಡು ಹಾಕಬೇಡಿ. ಎಎನ್‌ಸಿ ಮಾತ್ರ ಆನ್ ಮಾಡಿಕೊಂಡು ಎಸಿಯ ಕೆಳಗೆ ನಿಲ್ಲಿ, ಆಮೇಲೆ ರಸ್ತೆಯ ಕಡೆಯ ಬಾಗಿಲ ಹತ್ತಿರ ನಿಲ್ಲಿ. ಬಟನ್ ಒತ್ತಿ ಆನ್, ಆಫ್ ಮಾಡಿ ವ್ಯತ್ಯಾಸ ಗಮನಿಸಿ. ತಲೆ ಅಲ್ಲಾಡಿಸಿ, ಆಕಳಿಸಿ. ಆಗಲೂ ಸದ್ದು ಒಳಗೆ ನುಗ್ಗದಿದ್ದರೆ ಕೂರುವಿಕೆ ಗಟ್ಟಿ.

ಅಮ್ಮ ಕೊನೆಗೆ ಆರಿಸಿದ್ದು ಸೋನಿ ಡಬ್ಲ್ಯುಎಚ್-ಸಿಎಚ್720ಎನ್. ತೂಕ 192 ಗ್ರಾಂ. ಅದರ ಎಎನ್‌ಸಿ ದುಬಾರಿಯವುಗಳಷ್ಟು ಗಟ್ಟಿಯಲ್ಲ. ಆದರೆ ಅಮ್ಮ ಅದನ್ನು ತಲೆಯಿಂದ ತೆಗೆಯಲೇ ಇಲ್ಲ. “ಹಾಕ್ಕೊಂಡ ಹಾಗೇ ಅನ್ಸಲ್ಲ” ಅಂದರು. ಹೋಲಿಕೆಗೆ ಹೇಳುತ್ತೇನೆ: ಸೋನಿ ಎಕ್ಸ್‌ಎಂ4 ಸುಮಾರು 254 ಗ್ರಾಂ, ಆ್ಯಪಲ್ ಏರ್‌ಪಾಡ್ಸ್ ಮ್ಯಾಕ್ಸ್ 385 ಗ್ರಾಂ ಹತ್ತಿರ. ಕೈಯಲ್ಲಿ ಹಿಡಿದಾಗ ಈ ವ್ಯತ್ಯಾಸ ಸಣ್ಣದು, ಆರನೆಯ ಗಂಟೆಗೆ ಕುತ್ತಿಗೆಗೆ ದೊಡ್ಡದು.

ಹಂತ 6: ವೈರೋ, ಬ್ಲೂಟೂತೋ?

ನಿಂತು ಪ್ರಯಾಣಿಸುವವರಿಗೆ ಬ್ಲೂಟೂತ್. ರಶ್ಶಿನ ಬಸ್ಸಿನಲ್ಲಿ ವೈರ್ ಯಾರದೋ ಬ್ಯಾಗಿನ ಜಿಪ್ಪಿಗೆ ಸಿಕ್ಕಿಕೊಂಡರೆ ಫೋನೂ ಬೀಳುತ್ತದೆ. ಆದರೆ ವೈರಿನ ಬೆಲೆ ವಿಮಾನದಲ್ಲಿ ತಿಳಿಯುತ್ತದೆ. ಹಾಗಾಗಿ ಬ್ಲೂಟೂತ್ ಹೆಡ್‌ಫೋನ್ ತಗೊಂಡರೂ 3.5 ಎಂಎಂ ವೈರ್ ಹಾಕಿ ಕೇಳುವ ವ್ಯವಸ್ಥೆ ಇರುವುದನ್ನೇ ನೋಡಿ. ಇನ್ನೊಂದು ಪ್ರಶ್ನೆ ಕೇಳಿ: ಬ್ಯಾಟರಿ ಪೂರ್ತಿ ಖಾಲಿಯಾದಾಗ ವೈರ್ ಹಾಕಿದರೆ ಹಾಡುತ್ತದೆಯಾ? ಎಕ್ಸ್‌ಎಂ4ನಂಥ ಕೆಲವು ಹಾಡುತ್ತವೆ. ಕೆಲವು ವೈರ್ ಇದ್ದರೂ ಚಾರ್ಜ್ ಇಲ್ಲದೆ ಸುಮ್ಮನಾಗುತ್ತವೆ.

ಕೋಡೆಕ್ ಬಗ್ಗೆ, ಅಂದರೆ ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನದ ಬಗ್ಗೆ, ತಲೆ ಕೆಡಿಸಿಕೊಳ್ಳುವವರು ಜಾಸ್ತಿ. ಐಫೋನ್ ಇದ್ದರೆ ಎಎಸಿ ಅನ್ನುವ ಕೋಡೆಕ್ ಸಾಕು, ಹಾಡಿನ ಸೂಕ್ಷ್ಮವನ್ನು ಹೆಚ್ಚು ಉಳಿಸುವ ಎಲ್‌ಡಿಎಸಿಗೆ ಕೊಟ್ಟ ದುಡ್ಡು ವ್ಯರ್ಥ. ಆಂಡ್ರಾಯ್ಡ್‌ನಲ್ಲಿ ಎಲ್‌ಡಿಎಸಿ ಇದ್ದರೂ ಬಸ್ಸಿನ ಸದ್ದಿನ ನಡುವೆ ಆ ಸೂಕ್ಷ್ಮ ಕೇಳಿಸುವುದು ಕಷ್ಟ.

ಪೂರ್ತಿ ವೈರ್ಡ್ ತಗೊಳ್ಳುವವರು ಎರಡು ಅಂಕಿ ನೋಡಿ. ಇಂಪೀಡೆನ್ಸ್, ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ, 16ರಿಂದ 40 ಓಮ್ಸ್ ಒಳಗಿರಲಿ. ಸೆನ್ಸಿಟಿವಿಟಿ, ಅಂದರೆ ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವ ಅಳತೆ, 100 ಡೆಸಿಬೆಲ್ ಆಸುಪಾಸಿರಲಿ. ಅಷ್ಟಿದ್ದರೆ ಫೋನಿಗೇ ಜೋರಾಗಿ ಹಾಡುತ್ತದೆ. ಆಡಿಯೋ ಟೆಕ್ನಿಕಾ ಎಂ50ಎಕ್ಸ್ ಒಳ್ಳೆಯ ಉದಾಹರಣೆ. 38 ಓಮ್ಸ್, ಮಡಚಬಹುದು, ವೈರ್ ಕಳಚಬಹುದು, ಡಬ್ಬಿಯಲ್ಲೇ ಒಂದು ಸಣ್ಣ ವೈರ್ ಕೊಡುತ್ತಾರೆ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಕೂಡ ಕ್ಲೋಸ್ಡ್ ಬ್ಯಾಕ್, ಹೆಸರುವಾಸಿ. ಆದರೆ ಮಡಚಲು ಬರುವುದಿಲ್ಲ. ಅದರ 250 ಓಮ್ಸ್ ಮಾಡೆಲ್ ಫೋನಿನಲ್ಲಿ ಸಣ್ಣಗೆ ನರಳುತ್ತದೆ. ಸ್ಟುಡಿಯೋಗೆ ಮಾಡಿದ್ದನ್ನು ಸ್ಟುಡಿಯೋಗೇ ಬಿಡಿ.

ಫೋನಿಗೆ ಜ್ಯಾಕ್ ಇಲ್ಲದಿದ್ದರೆ ಯುಎಸ್‌ಬಿ-ಸಿ ಡಾಂಗಲ್, ಅಂದರೆ ಚಾರ್ಜಿಂಗ್ ತೂತಿಗೆ ಚುಚ್ಚಿ ಹೆಡ್‌ಫೋನ್ ವೈರ್ ಜೋಡಿಸುವ ಸಣ್ಣ ಅಡಾಪ್ಟರ್, ಬೇಕು. ಆ್ಯಪಲ್‌ನ ಡಾಂಗಲ್ ಚಿಕ್ಕದು, ಚೆನ್ನಾಗಿದೆ. ಆದರೆ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದರ ಸದ್ದು ತೀರಾ ಕಡಿಮೆ ಬರುತ್ತದೆ. ಆಂಡ್ರಾಯ್ಡ್‌ನವರು ಬೇರೆಯದು ತಗೊಳ್ಳಿ.

ಹಂತ 7: ಮಡಚಿ ಬ್ಯಾಗಿಗೆ ಹಾಕಿ ನೋಡಿ

‘ಫೋಲ್ಡಬಲ್’ ಅಂದರೆ ಎಲ್ಲವೂ ಒಂದೇ ಅಲ್ಲ. ಕೆಲವು ಕಪ್ಪುಗಳು ಚಪ್ಪಟೆಯಾಗಿ ತಿರುಗುತ್ತವೆ ಅಷ್ಟೇ, ಒಳಕ್ಕೆ ಮಡಚಿಕೊಳ್ಳುವುದಿಲ್ಲ. ಸೋನಿಯವರ 2020ರ ಎಕ್ಸ್‌ಎಂ4 ಮಡಚುತ್ತಿತ್ತು. 2022ರ ಎಕ್ಸ್‌ಎಂ5ರಲ್ಲಿ ಮಡಚುವುದನ್ನು ತೆಗೆದರು. ಅದರ ಕೇಸ್ ಅಗಲವಾಯಿತು. 2025ರ ಎಕ್ಸ್‌ಎಂ6ರಲ್ಲಿ ಮತ್ತೆ ಮಡಚುವುದು ಬಂತು. ಪ್ರಯಾಣ ಮಾಡುವವರಿಗೆ ಇದು ಎಷ್ಟು ಬೇಕಾದ ವಿಷಯ ಅಂತ ಇದರಿಂದಲೇ ಗೊತ್ತಾಗುತ್ತದೆ.

ಮಡಚುವ ಕೀಲು ಪ್ಲಾಸ್ಟಿಕ್ಕೋ ಲೋಹವೋ ನೋಡಿ. ನನ್ನ ಎರಡನೆಯ ಹೆಡ್‌ಫೋನ್ ಮುರಿದದ್ದು ಕೀಲಿನಲ್ಲೇ. ಬಟ್ಟೆಯ ಚೀಲದಲ್ಲಿ ಹಾಕಿ, ಊಟದ ಡಬ್ಬಿಯ ಪಕ್ಕ ಇಟ್ಟಿದ್ದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಬ್ಯಾಗ್ ಅತ್ತಿತ್ತ ಹೊರಳಿ, ಬೆಳಗ್ಗೆ ತೆಗೆದರೆ ಒಂದು ಕಪ್ ವೈರಿನಲ್ಲಿ ನೇತಾಡುತ್ತಿತ್ತು. ಗಟ್ಟಿ ಕೇಸ್ ಡಬ್ಬಿಯಲ್ಲೇ ಬಂದರೆ ಒಳ್ಳೆಯದು. ಬರದಿದ್ದರೆ ಬೇರೆ ಕೊಂಡುಕೊಳ್ಳಿ. ದಿನದ ಬ್ಯಾಗನ್ನು ಅಂಗಡಿಗೆ ಒಯ್ದು, ಲ್ಯಾಪ್‌ಟಾಪು, ಛತ್ರಿ, ಡಬ್ಬಿ ಇರುವಾಗಲೇ ಕೇಸ್ ಹಿಡಿಯುತ್ತದೆಯಾ ನೋಡಿ.

ಹಂತ 8: ವಿಮಾನಕ್ಕೆ ಬೇಕಾದ ತಯಾರಿ

ಒಮ್ಮೆ ದೂರದ ಹಾರಾಟದಲ್ಲಿ ಪೂರ್ತಿ ಸಿನಿಮಾವನ್ನು ಒಂದೇ ಕಿವಿಯಲ್ಲಿ ನೋಡಿದೆ. ಸೀಟಿನ ಕೈಯಲ್ಲಿ ಎರಡು ತೂತಿನ ಜ್ಯಾಕ್ ಇತ್ತು. ನನ್ನ ಪಿನ್ ಒಂದೇ. ಅಂಥ ಜ್ಯಾಕಿನಲ್ಲಿ ಒಂದೊಂದು ತೂತೂ ಒಂದೊಂದು ಕಿವಿಯ ಸದ್ದು ಕೊಡುತ್ತದೆ. ಎರಡು ಪಿನ್ನಿನ ಸಣ್ಣ ಅಡಾಪ್ಟರ್ ಇದ್ದಿದ್ದರೆ ಸಾಕಿತ್ತು. ಅದರ ಬೆಲೆ ತೀರಾ ಕಡಿಮೆ. ಈಗಿನ ಹಲವು ವಿಮಾನಗಳಲ್ಲಿ ಒಂದೇ ತೂತಿನ ಮಾಮೂಲಿ ಜ್ಯಾಕ್ ಇರುತ್ತದೆ. ಆದರೂ ಕೇಸಿನ ಮೂಲೆಯಲ್ಲಿ ಅಡಾಪ್ಟರ್ ಇಟ್ಟಿರಿ. ವೈರ್ ಬೇಡ ಅನ್ನುವವರಿಗೆ ಜ್ಯಾಕಿಗೆ ಚುಚ್ಚುವ ಬ್ಲೂಟೂತ್ ಟ್ರಾನ್ಸ್‌ಮಿಟರ್ ಸಿಗುತ್ತದೆ. ಅದನ್ನು ಮನೆಯಲ್ಲೇ ಜೋಡಿಸಿ ಪರೀಕ್ಷೆ ಮಾಡಿ. ಕತ್ತಲಾದ ವಿಮಾನದಲ್ಲಿ ಬಟನ್ ಹುಡುಕುವುದು ಬೇಡ.

ಬ್ಯಾಟರಿಯ ಲೆಕ್ಕ ಹೀಗೆ ಹಾಕಿ: ಮನೆಯಿಂದ ಏರ್‌ಪೋರ್ಟ್‌ಗೆ ವಾಯುವಜ್ರ ಬಸ್ಸು, ಅಲ್ಲಿ ಕಾಯುವುದು, ಹಾರಾಟ, ನಡುವೆ ಇನ್ನೊಂದು ಊರಲ್ಲಿ ಕಾಯುವುದು. ಎಲ್ಲ ಸೇರಿ 20 ಗಂಟೆ ಸುಲಭವಾಗಿ ಆಗುತ್ತದೆ. ಎಎನ್‌ಸಿ ಆನ್ ಇದ್ದಾಗ ಎಷ್ಟು ಗಂಟೆ ಅನ್ನುವ ಅಂಕಿಯನ್ನೇ ನೋಡಿ. ಆಫ್ ಇದ್ದಾಗಿನ ಅಂಕಿಯನ್ನು ದೊಡ್ಡದಾಗಿ ಬರೆದಿರುತ್ತಾರೆ. ಸೋನಿಯ ದೊಡ್ಡ ಮಾಡೆಲ್‌ಗಳು 30 ಗಂಟೆ ಅನ್ನುತ್ತವೆ. ಸೆನ್‌ಹೈಸರ್ ಮೊಮೆಂಟಮ್ 4 ಬರೋಬ್ಬರಿ 60 ಗಂಟೆ.

ಹೆಡ್‌ಫೋನ್ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕ್ ಅಂತೂ ಚೆಕ್-ಇನ್ ಬ್ಯಾಗಿಗೆ ಹಾಕುವಂತೆಯೇ ಇಲ್ಲ. ಫ್ಲೈಟ್ ಮೋಡ್ ಹಾಕಿದ ಮೇಲೆ ಬ್ಲೂಟೂತ್ ಮತ್ತೆ ಆನ್ ಮಾಡಿಕೊಳ್ಳಬಹುದು. ಸಿಬ್ಬಂದಿ ಸುರಕ್ಷತೆಯ ಸೂಚನೆ ಹೇಳುವಾಗ, ಏರುವಾಗ, ಇಳಿಯುವಾಗ ತೆಗೆಯಿರಿ ಅಂದರೆ ತೆಗೆಯಿರಿ.

ನಿದ್ದೆಯ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು. ಓವರ್ ಇಯರ್ ಹಾಕಿಕೊಂಡು ಕಿಟಕಿಗೆ ತಲೆ ಕೊಟ್ಟು ಮಲಗಲು ಆಗುವುದಿಲ್ಲ. ಕಪ್ ಸರಿದು ಸಂದು ಬೀಳುತ್ತದೆ, ಇಂಜಿನ್ ಸದ್ದು ಒಳಗೆ ನುಗ್ಗಿ ಎಚ್ಚರಾಗುತ್ತದೆ. ಕುತ್ತಿಗೆಯ ದಿಂಬು ದಪ್ಪಗಿದ್ದರೂ ಕಪ್ಪನ್ನು ಕೆಳಗಿನಿಂದ ಮೇಲೆ ನೂಕುತ್ತದೆ. ಮಲಗುವುದಕ್ಕೆ ನಾನು ಸ್ಪಂಜಿನ ಇಯರ್ ಪ್ಲಗ್ ಹಾಕಿಕೊಳ್ಳುತ್ತೇನೆ, ಹೆಡ್‌ಫೋನ್ ಕೇಸಿಗೆ ಹೋಗುತ್ತದೆ.

ಹಂತ 9: ಎಷ್ಟು ದುಡ್ಡು, ಎಲ್ಲಿ ತಗೊಳ್ಳುವುದು

ಮೂರು ಸಾವಿರದ ಒಳಗೆ ಎಎನ್‌ಸಿ ಹುಡುಕುವುದಕ್ಕಿಂತ ಚೆನ್ನಾಗಿ ಕೂರುವ ಪ್ಯಾಡನ್ನು ಹುಡುಕಿ. ಹತ್ತು ಸಾವಿರದ ಆಸುಪಾಸು ಹಗುರವಾದ, ನಂಬಬಹುದಾದ ಎಎನ್‌ಸಿ ಸಿಗುತ್ತದೆ. ಹೆಚ್ಚಿನವರು ಇಲ್ಲೇ ನಿಲ್ಲಬಹುದು ಅಂತ ನನ್ನ ಅಭಿಪ್ರಾಯ. ಇಪ್ಪತ್ತು ಸಾವಿರ ದಾಟಿದ ಮೇಲೆ ಸೋನಿ, ಬೋಸ್, ಸೆನ್‌ಹೈಸರ್‌ನ ದೊಡ್ಡ ಮಾಡೆಲ್‌ಗಳು. ತಿಂಗಳಿಗೊಮ್ಮೆ ಹಾರುವವರಿಗೆ ಆ ದುಡ್ಡು ಸಾರ್ಥಕ. ಹೊಸ ಮಾಡೆಲ್ ಬಂದಾಗ ಹಿಂದಿನದರ ಬೆಲೆ ಇಳಿಯುತ್ತದೆ. ದಸರಾ, ದೀಪಾವಳಿ ಸೇಲ್‌ಗಳಲ್ಲಿ ಇನ್ನೂ ಇಳಿಯುತ್ತದೆ. ನಾನು ಹಿಂದಿನ ಮಾಡೆಲ್ ತಗೊಂಡು ಒಮ್ಮೆಯೂ ಬೇಜಾರು ಪಟ್ಟಿಲ್ಲ.

ದೊಡ್ಡ ಬ್ರ್ಯಾಂಡಿನದು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕರೆ ನಕಲಿ ಇರಬಹುದು. ಡಬ್ಬಿ, ಲೋಗೋ ಎಲ್ಲ ಅಸಲಿಯ ಹಾಗೇ ಇರುತ್ತವೆ. ಅಂಗಡಿಯಲ್ಲೇ ಕಂಪನಿಯ ಆ್ಯಪ್ ಹಾಕಿ ಕನೆಕ್ಟ್ ಮಾಡಿ ನೋಡಿ. ಜಿಎಸ್‌ಟಿ ಬಿಲ್ ಕೇಳಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಹೊರದೇಶದಿಂದ ತರಿಸಿದ್ದಕ್ಕೆ ಇಲ್ಲಿ ವಾರಂಟಿ ಸಿಗುತ್ತದೆಯಾ ಅಂತ ಮೊದಲೇ ವಿಚಾರಿಸಿ.

ಹಂತ 10: ರಿಟರ್ನ್ ಮಾಡುವ ದಿನ ಮುಗಿಯುವ ಮೊದಲು

ತಂದ ಮಾರನೆಯ ದಿನವೇ ನಿಮ್ಮ ಅತಿ ಗದ್ದಲದ ದಾರಿಯಲ್ಲಿ ಹಾಕಿಕೊಂಡು ಹೋಗಿ. ಶಾಂತವಾದ ಕೋಣೆಯಲ್ಲಿ ವಾಲ್ಯೂಮನ್ನು ಹಿತವಾಗಿ ಹೊಂದಿಸಿ, ಎಷ್ಟಿದೆ ಅಂತ ನೋಡಿಟ್ಟುಕೊಳ್ಳಿ. ಪ್ರಯಾಣದಲ್ಲಿ ಅದನ್ನು ಎಷ್ಟು ಏರಿಸಬೇಕಾಯಿತು? ಒಂದೆರಡು ಹೆಜ್ಜೆ ಸರಿ. ಅರ್ಧದಿಂದ ಪೂರ್ತಿಗೆ ಹೋಗಬೇಕಾದರೆ ಹಿಂದಿರುಗಿಸಿ. ನನ್ನ ಈಗಿನ ಹೆಡ್‌ಫೋನಿನಲ್ಲಿ ಮಾಗಡಿ ರೋಡ್ ದಾಟಿದ್ದು ಹಾಡು ಕೇಳುತ್ತಾ ಗೊತ್ತಾಗುವುದಿಲ್ಲ, ಕಿಟಕಿಯಾಚೆ ಕತ್ತಲಾದಾಗ ಗೊತ್ತಾಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸದ್ದಿನ ಮಿತಿಯನ್ನೂ ಹಾಕಿಕೊಳ್ಳಿ. ಐಫೋನಿನಲ್ಲಿ ಅದನ್ನು 75 ಡೆಸಿಬೆಲ್‌ವರೆಗೂ ಇಳಿಸಬಹುದು.

ಇಷ್ಟು ಚೆನ್ನಾಗಿ ಸದ್ದು ತಡೆಯುವ ವಸ್ತುವನ್ನು ರಸ್ತೆಯಲ್ಲಿ ಹಾಕಿಕೊಳ್ಳಬೇಡಿ. ಸ್ಟೇಷನ್ನಿನಿಂದ ಹೊರಬಂದ ಕೂಡಲೇ ಕುತ್ತಿಗೆಗೆ ಇಳಿಸಿ. ಹಾರ್ನ್ ಕೇಳಿಸಬೇಕು. ರೈಲ್ವೆ ಹಳಿ ದಾಟುವಾಗ, ಗಾಡಿ ಓಡಿಸುವಾಗ ಖಂಡಿತಾ ಬೇಡ. ಸುತ್ತಲಿನ ಸದ್ದು ಒಳಗೆ ಬಿಡುವ ಆ್ಯಂಬಿಯೆಂಟ್ ಮೋಡ್ ಇದೆ ಅಂತ ನಂಬಿಕೊಳ್ಳಬೇಡಿ. ಅದು ಸೀಟಿನಲ್ಲಿ ಕೂತು ಕಂಡಕ್ಟರ್ ಜೊತೆ ಮಾತಾಡುವುದಕ್ಕೆ ಸರಿ.

ಆಮೇಲಿನ ಆರೈಕೆ

ಮೊದಲು ಹಾಳಾಗುವುದು ಪ್ಯಾಡ್. ಕೃತಕ ಚರ್ಮ ಬೆವರು, ಶೆಕೆಗೆ ಸಿಪ್ಪೆಯೆದ್ದು ಕಪ್ಪು ಚೂರುಗಳು ಕಿವಿಗೆ ಅಂಟುತ್ತವೆ. ಕರಾವಳಿಯಲ್ಲಿ ಇನ್ನೂ ಬೇಗ. ತೆಗೆದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಸ್ವಲ್ಪ ಆರಲು ಬಿಟ್ಟು ಕೇಸಿಗೆ ಹಾಕಿ. ಮಳೆಗಾಲದಲ್ಲಿ ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಪ್ಯಾಡ್ ಹರಿದರೆ ಸೀಲ್ ಹೋಗುತ್ತದೆ, ಅದರ ಜೊತೆಗೆ ಎಎನ್‌ಸಿಯೂ ಸೊರಗುತ್ತದೆ. ಹೆಡ್‌ಫೋನ್ ಹಳೆಯದಾಯಿತು ಅಂತ ಬಿಸಾಡಬೇಡಿ, ಪ್ಯಾಡ್ ಬದಲಾಯಿಸಿ. ಕೊಳ್ಳುವಾಗಲೇ ಆ ಮಾಡೆಲ್‌ಗೆ ಬಿಡಿ ಪ್ಯಾಡ್ ಸಿಗುತ್ತದೆಯಾ ನೋಡಿಟ್ಟಿರಿ. ಸಾಧ್ಯವಾದರೆ ಕಂಪನಿಯದ್ದೇ ಹಾಕಿ, ಅಗ್ಗದ ಪ್ಯಾಡಿನ ದಪ್ಪ ಬೇರೆಯಾದರೆ ಸದ್ದೂ ಬೇರೆಯಾಗುತ್ತದೆ.

ಅಮ್ಮ ಫ್ರಾಂಕ್‌ಫರ್ಟ್‌ನಿಂದ ವಾಪಸ್ ಬಂದಾಗ ಅವರ ಪ್ಯಾಡಿನ ಮೇಲ್ಭಾಗ ಜಿಡ್ಡು ಜಿಡ್ಡಾಗಿತ್ತು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಹತ್ತಿಬಟ್ಟೆಯನ್ನು ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ ಮೆಲ್ಲಗೆ ಒರೆಸಿದೆ. ಸ್ಯಾನಿಟೈಸರ್, ಸ್ಪಿರಿಟ್ ಹಾಕಲಿಲ್ಲ, ಅದು ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ಈಗ ಅವರು ಹೊರಡುವ ದಿನ ಎಣ್ಣೆ ಹಚ್ಚುವುದಿಲ್ಲ, ಹಿಂದಿನ ದಿನವೇ ತಲೆಸ್ನಾನ ಮಾಡಿಕೊಳ್ಳುತ್ತಾರೆ.